ಎರಡು ಗಂಟಲಿನ ಹಾಡು

ಅಕ್ಕನ ಮೊದಲ ಆಲ್ಬಂ ಬಂದ ಮೇಲೆ ಹೊಸೂರಿನಿಂದ ಅಂಚೆಟ್ಟಿಗೆ ಹೋಗುವ ಯಾವ ಬಸ್ಸು ಹತ್ತಿದರೂ ಅವಳ ದನಿಯೇ. ಸೋಬಾನೆ, ದೇವರ ಪದ. ಮದುವೆಮನೆಗಳಲ್ಲಿ ಜನ ಹೆಣ್ಣುಗಂಡು ಬಿಟ್ಟು ಇವಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಎರಡನೆಯದಕ್ಕೆ ಅವಳು ಬೇರೆ ಹಾಡುಗಳನ್ನು ಆರಿಸಿದಳು. ಅದರಲ್ಲೊಂದು, ನಾಟ್ರಾಂಪಾಳ್ಯದ ಆಚೆಗಿನ ನಮ್ಮೂರಿನಲ್ಲಿ ರಾಗಿ ಕೊಯ್ಯುವ ಹೆಂಗಸರು ಗಂಡಸರಿಲ್ಲದಾಗ ಮಾತ್ರ ಹಾಡಿಕೊಳ್ಳುವ ಪದ. ಬಾವಿಗೆ ಬಿದ್ದು ಸತ್ತಳೆಂದು ಮನೆಯವರು ಊರಿಗೆಲ್ಲ ಹೇಳಿದ ಸೊಸೆಯೊಬ್ಬಳ ಕತೆ ಅದು. ‘ಬಾವೀಗೆ ಬಿದ್ದೋಳ ಬಳೆಯಾಕೆ ಅಟ್ಟದಲಿ’ ಎಂದು ಕೇಳುತ್ತದೆ. ಯಾರ ಹೆಸರೂ ಇಲ್ಲ. ಆದರೆ ಆಗ ಅಟ್ಟವಿದ್ದ ಮನೆ ಊರಿಗೊಂದೇ, ದೊಡ್ಡಮನೆ.

ಒಂದು ಮದುವೆಯಲ್ಲಿ ಅಕ್ಕ ಅದರ ಎರಡು ಸಾಲು ಹಾಡಿದ್ದಳು. ಯಾರೋ ವೀಡಿಯೊ ಮಾಡಿ ಹರಿಬಿಟ್ಟರು. ದೊಡ್ಡಮನೆಯ ಮೊಮ್ಮಗ ಫೋನು ಮಾಡಿದ.

“ನಮ್ ತಾತನ ಮಾನ ತೆಗೀತೀಯಾ? ಆ ಪದ ಬುಟ್ಬುಡು.”

“ನಿಮ್ ತಾತನ ಹೆಸ್ರು ನಾನೆತ್ತಿಲ್ಲ ಕಣಣ್ಣ. ನೀನೇ ಎತ್ತಿದ್ದು” ಎಂದಳು ಅಕ್ಕ.

ರೆಕಾರ್ಡಿಂಗ್ ನಡೆದದ್ದು ಹೊಸೂರಿನ ಅವಲಪಲ್ಲಿಯ ಮನೆಯೊಂದರ ಮಹಡಿಯಲ್ಲಿ, ಗೋಡೆಗೆಲ್ಲ ಸ್ಪಂಜು ಅಂಟಿಸಿದ ರೂಮಿನಲ್ಲಿ. ನಾನು ಫ್ಯಾಕ್ಟರಿಗೆ ರಜೆ ಹಾಕಿ ಕೋರಸ್ ಹಾಡಲು ಹೋಗಿದ್ದೆ. ಅಕ್ಕ ಬಳೆಯ ಸಾಲು ದಾಟಿ ಮುಂದಕ್ಕೆ ಹೋಗಿದ್ದಳಷ್ಟೇ. ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗ್ ಅಣ್ಣನ ತಲೆಯಿಂದ ರಕ್ತ ಚಿಮ್ಮಿತು. ಮರುಗಳಿಗೆ ಗಾಜು ಒಡೆದು ನಮ್ಮ ಮೇಲೆ ಸುರಿಯಿತು.

ಮೂವರಿದ್ದರು. ಇಬ್ಬರು ಕಬ್ಬಿಣದ ರಾಡಿನಿಂದ ಕಂಡದ್ದನ್ನೆಲ್ಲ ಒಡೆಯುತ್ತಿದ್ದರು. ಮೊಮ್ಮಗ ಮಾತ್ರ ನೇರ ಅಕ್ಕನ ಬಳಿ ಬಂದು, ಅವಳ ಹೆಡ್‌ಫೋನಿನ ವೈರನ್ನೇ ಕುತ್ತಿಗೆಗೆ ಸುತ್ತಿ ಬಿಗಿದ. “ಈಗ ಹಾಡೇ, ಹಾಡು!” ಎಂದು ಕಿರುಚಿದ. ನಾನೂ ಕಿರುಚಿದೆ. ಆ ಸ್ಪಂಜಿನ ಗೋಡೆ ಒಂದು ಕೂಗನ್ನೂ ಹೊರಗೆ ಬಿಡಲಿಲ್ಲ. ಅಕ್ಕನ ಕಣ್ಣುಗುಡ್ಡೆ ಮೇಲಾದವು.

ಮೈಕಿನ ಸ್ಟ್ಯಾಂಡು ಕೈಗೆ ಸಿಕ್ಕಿತು. ಎತ್ತಿ ಅವನ ಮಣಿಕಟ್ಟಿಗೆ ಹೊಡೆದೆ. ಮೂಳೆ ಲಟಕ್ಕೆಂದಿತು. ಆ ಸದ್ದು ಕೇಳಿ ನನಗೆ ಸಂತೋಷವಾಯಿತು. ಇನ್ನೊಮ್ಮೆ ಹೊಡೆದೆ. ಅವನು ಬಿದ್ದ ಮೇಲೂ ಹೊಡೆದೆ. ಉಳಿದಿಬ್ಬರು ಅವನನ್ನು ಎಳೆದುಕೊಂಡು ಓಡಿದರು.

ಕೇಸಾಯಿತು. ಅವನಿಗೆ ಜಾಮೀನೂ ಸಿಕ್ಕಿತು. ಅಕ್ಕನ ದನಿ ಹಿಂದಿರುಗಿತಾದರೂ ಮೊದಲಿನಂತಿರಲಿಲ್ಲ. ಒಣಗಿದ ಸೌದೆ ಸೀಳಿದಂತೆ ಬರುತ್ತಿತ್ತು. ಮುರಿದ ಕಂಪ್ಯೂಟರಿನೊಳಗೆ ಅವಳು ಅಂದು ಹಾಡಿದಷ್ಟು ಭಾಗ ಉಳಿದಿತ್ತು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರೆಕಾರ್ಡಿಂಗ್ ಅಣ್ಣ, “ಮೊದ್ಲಿಂದ ಹಾಡಮ್ಮ. ಈ ಎರಡು ದನಿ ಒಂದಕ್ಕೊಂದು ಸೇರಲ್ಲ” ಎಂದರು.

“ಸೇರೋದು ಬ್ಯಾಡಣ್ಣ. ನಿಂತೋದ ಜಾಗದಿಂದ್ಲೇ ಹಾಡ್ತೀನಿ.”

ಹಾಗೇ ಹಾಡಿದಳು. ಪ್ರತಿ ಚರಣಕ್ಕೂ ನಿಲ್ಲಿಸಿ ಕರವಸ್ತ್ರಕ್ಕೆ ಉಗುಳುತ್ತಿದ್ದಳು, ಬಟ್ಟೆ ಕೆಂಪಾಗುತ್ತಿತ್ತು. ನೋಡಲಾಗದೆ ನಾನು ಕೋರಸ್ ತಪ್ಪಿದೆ. “ಅಳ್ಬ್ಯಾಡ, ಹಾಡು” ಎಂದು ಗದರಿದಳು.

ಬಿಡುಗಡೆಗೆ ಯಾವ ಕಲ್ಯಾಣಮಂಟಪದವರೂ ಜಾಗ ಕೊಡಲಿಲ್ಲ, ದೊಡ್ಡಮನೆಯಿಂದ ಬೆದರಿಕೆ ಹೋಗಿತ್ತು. ಒಂದು ಬೆಳಿಗ್ಗೆ ರೆಕಾರ್ಡಿಂಗ್ ಅಣ್ಣ ಆಲ್ಬಂ ಅನ್ನು ನೆಟ್ಟಿಗೆ ಹಾಕಿದರು. ಬಿಡುಗಡೆ ಎಂದರೆ ಅಷ್ಟೇ. ಅರ್ಧಕ್ಕೆ ದನಿ ಕೆಟ್ಟಿದೆ, ಇದನ್ನೇಕೆ ಬಿಟ್ಟಿರಿ ಎಂದು ಕೆಲವರು ಬರೆದರು.

ರಾಗಿ ಕೊಯ್ಲಿನ ಹೊತ್ತಿಗೆ ಊರಿನಿಂದ ಅವ್ವನ ಫೋನು ಬಂತು. ಹೊಲದಲ್ಲಿ ಹೆಂಗಸರು ಮೊಬೈಲಿನಲ್ಲಿ ಆ ಹಾಡು ಜೋರಾಗಿ ಹಾಕಿಕೊಂಡಿದ್ದರಂತೆ. ದಾರಿಯಲ್ಲಿ ಹೋಗುತ್ತಿದ್ದ ಮೊಮ್ಮಗ ಬದುವಿಗಿಳಿದು, ಮೊಬೈಲು ಕಿತ್ತು ಕಲ್ಲಿಗೆ ಅಪ್ಪಳಿಸಿದನಂತೆ.

“ಎಲ್ರೂ ಕುಡುಗೋಲಿಡ್ಕಂಡೇ ಎದ್ವಿ ಕಣೆ. ಅಟ್ಟಾಡಿಸ್ಕಂಡ್ ಹೋದ್ವಿ. ಅವ್ನ ಭುಜ ಸೀಳೋಯ್ತು.”

“ಯಾರವ್ವಾ ಕುಡುಗೋಲು ಬೀಸಿದ್ದು?” ಅಕ್ಕ ಕೇಳಿದಳು.

“ಯಾರೋ. ಅಷ್ಟೊಂದು ಜನದಾಗೆ ಯಾರ್ ನೋಡ್ತಾರೆ?”

ಅವ್ವನ ಹಿಂದೆ ಹೆಂಗಸರು ನಗುತ್ತಿದ್ದುದು ಕೇಳಿಸಿತು. ಅಕ್ಕನಿಗೂ ನಗು ಬಂತು. ನಗಲು ಹೋಗಿ ಗಂಟಲು ಹಿಡಿದುಕೊಂಡಳು.