ಟೀಚರಮ್ಮ ಕೈಯಿಡದ ಹೂ

ಜಪಾನಿನ ನಮ್ಮ ಹಿಮಿ ಬಂದರಿನಲ್ಲಿ ಫುಸಾಯೆ ಟೀಚರಮ್ಮನ ಕೈಗೆ ಸಿಕ್ಕದ ಹೂದಾನಿಯೇ ಇಲ್ಲ. ಕ್ಷೌರದಂಗಡಿಗೆ ಹೋದರೆ ಅಲ್ಲಿನ ಪ್ಲಾಸ್ಟಿಕ್ ಗುಲಾಬಿಯನ್ನೂ ಸರಿಮಾಡಿಯೇ ಬರುವ ಹೆಂಗಸು. ನನ್ನ ತೋಫು ಅಂಗಡಿಯ ಸೇವಂತಿಗೆಯನ್ನು ಎಷ್ಟು ಸಲ ಕತ್ತರಿಸಿದ್ದಾಳೋ, ನೆನೆದರೆ ಮೈ ಉರಿಯುತ್ತದೆ. ಇಕೆಬಾನ ಎಂಬ ಹೂ ಜೋಡಿಸುವ ಕಲೆ ಕಲಿಸುವವರ ಪದ್ಧತಿಯೇ ಹಾಗೆ. ಶಿಷ್ಯೆ ಹೂ ಜೋಡಿಸಿ ಪಕ್ಕಕ್ಕೆ ಸರಿಯುತ್ತಾಳೆ. ಗುರು ಅವಳು ಕೂತಿದ್ದ ಜಾಗದಲ್ಲೇ ಕೂತು, ಅಲ್ಲಿಂದಲೇ ನೋಡಿ, ಬೇಡದ ಕಡ್ಡಿ ಕತ್ತರಿಸುತ್ತಾಳೆ. ಶಿಷ್ಯೆ ಬಾಗಿ ವಂದಿಸುತ್ತಾಳೆ.

ಅಂಥವಳು ಮುಟ್ಟದೇ ಬಿಟ್ಟಿದ್ದು ಸ್ವಂತ ಮಗಳು ಚಿಗುಸಾಳ ಹೂಗಳನ್ನು ಮಾತ್ರ.

ಚಿಗುಸಾಳ ಅಪ್ಪ ತೊರಾಜೋ ಬುರಿ ಮೀನಿನ ಬಲೆ ಹೆಣೆಯುತ್ತಿದ್ದವನು. ಅವನು ತೀರಿಕೊಂಡ ಚಳಿಗಾಲ, ಅಮ್ಮನ ಶಾಲೆಯ ಪ್ರದರ್ಶನದಲ್ಲಿ ಪೈನ್ ಕೊಂಬೆ ಇಡಬೇಕಾದ ಕಡೆ ಚಿಗುಸಾ ಅಪ್ಪನ ಹಳೇ ಬಲೆ ಇಟ್ಟಳು. ಟೀಚರಮ್ಮ ಎಲ್ಲರೆದುರೇ, "ಇದು ಹೂವಲ್ಲ, ಮೀನು ಶೆಡ್ಡಿನ ಕಸ. ಇವತ್ತಿಂದ ನೀನು ನನ್ ಮಗಳು ಅಷ್ಟೇ, ಶಿಷ್ಯೆ ಅಲ್ಲ" ಅಂದುಬಿಟ್ಟಳು.

ಚಿಗುಸಾಳೂ ಹಟದಲ್ಲಿ ತಾಯಿಗೆ ತಕ್ಕ ಮಗಳೇ. ಹಗಲು ಮೀನು ಮಾರುಕಟ್ಟೆಯಲ್ಲಿ ಐಸ್ ತುಂಬಿ, ಉಳಿದ ಹೊತ್ತಿನಲ್ಲಿ ಬಲೆ, ಹಗ್ಗ, ಹಸಿ ಕೊಂಬೆ ಸೇರಿಸಿ ಆಳೆತ್ತರದ ಕಲಾಕೃತಿಗಳನ್ನು ಕಟ್ಟುತ್ತಲೇ ಬಂದಳು. ಈಗ ಅವಳ ಕೂದಲೂ ನರೆಯುತ್ತಿದೆ. ಒಂದೇ ಸೂರಿನಡಿ, ಒಂದೇ ಪಾತ್ರೆಯ ಮಿಸೋ ಸಾರು ಉಣ್ಣುತ್ತಿದ್ದರೂ ಟೀಚರಮ್ಮ ಆ ಕಲಾಕೃತಿಗಳ ಪಕ್ಕ ಕೈಕಟ್ಟಿಕೊಂಡು ಹಾದುಹೋಗುತ್ತಿದ್ದಳು.

"ಬೈದ್ರೆ ತಡ್ಕೋತೀನಿ ಕಣಕ್ಕಾ," ಎಂದು ಚಿಗುಸಾ ನನ್ನ ಅಂಗಡಿಯಲ್ಲಿ ಕೂತು ಹೇಳುತ್ತಿದ್ದಳು. "ಕೈ ಹಾಕ್ದೇ ಹೋಗ್ತಾಳಲ್ಲ, ಅದು ತಡಿಯಕ್ಕಾಗಲ್ಲ. ಒಂದ್ಸಲ ಕೂತು, ಇದು ತಪ್ಪು ಅಂತ ಕತ್ತರಿಸಿದ್ರೂ ಸಾಕಿತ್ತು."

"ಕೊಬ್ಬು ಕಣೇ ನಿಮ್ಮಮ್ಮಂಗೆ," ಅಂದೆ. ಆ ಮುದುಕಿಯ ಮೇಲೆ ನನಗೆ ನಿಜಕ್ಕೂ ಸಿಟ್ಟಿತ್ತು.

ಈ ಮಾರ್ಚಿನಲ್ಲಿ ಬಂದರಿನ ಹಳೇ ಐಸ್ ಗೋದಾಮಿನಲ್ಲಿ ಚಿಗುಸಾಳ ಪ್ರದರ್ಶನ. ತೊಯಾಮಾ ನಗರದಿಂದ ವ್ಯವಸ್ಥಾಪಕ ಬಂದ, ಪತ್ರಿಕೆಯವರು ಬಂದರು. ಗೋದಾಮಿನ ನಡುವೆ, ಸೂರಿನಿಂದ ಇಳಿಬಿಟ್ಟ ತೊರಾಜೋನ ಬಲೆ. ಅದರೊಳಗಿಂದ ಹೊರಚಾಚಿದ, ಮೈತುಂಬ ಹೂಬಿಟ್ಟ ಪ್ಲಮ್ ಕೊಂಬೆ. ಎಲ್ಲರೂ ಆ ಕೊಂಬೆಯ ಫೋಟೋ ತೆಗೆದದ್ದೇ ತೆಗೆದದ್ದು. ಚಿಗುಸಾಳ ಕಣ್ಣು ಬಾಗಿಲ ಮೇಲಿತ್ತು.

"ಬರ್ದಿದ್ರೆ ನಾಳೆಯಿಂದ ನಿಂಗೆ ತೋಫು ಇಲ್ಲ" ಎಂದು ಹೆದರಿಸಿ ಟೀಚರಮ್ಮನನ್ನು ನಾನೇ ಎಳೆತಂದೆ. ಅವಳು ಬಲೆಯನ್ನು ಒಂದು ಸುತ್ತು ಹಾಕಿದಳು.

"ಇದಕ್ಕೆ ಮುಂಭಾಗ ಯಾವ್ದು?"

"ಇಲ್ಲಮ್ಮ. ಸುತ್ತಲೂ ನೋಡ್ಬೋದು."

"ಸುತ್ತಲೂ ಅಂತೆ! ನೀನು ಎಲ್ಲಿ ಕೂತು ಕಟ್ಟಿದ್ದು, ಅದನ್ನ ಹೇಳು."

ಚಿಗುಸಾ ನೆಲದಲ್ಲಿ ಒಂದು ಜಾಗ ತೋರಿಸಿದಳು. ಟೀಚರಮ್ಮ ಚಪ್ಪಲಿ ಬಿಟ್ಟು, ಆ ಕೊರೆಯುವ ಸಿಮೆಂಟಿನ ಮೇಲೆ ಮಂಡಿಯೂರಿ ಕೂತಳು. ತುಂಬ ಹೊತ್ತು ನೋಡಿದಳು. ಆಮೇಲೆ ಕೈಚೀಲದಿಂದ ಕತ್ತರಿ ತೆಗೆದಳು.

"ಅಜ್ಜೀ, ಅದನ್ನ ಮುಟ್ಬಾರ್ದು!" ಎಂದು ವ್ಯವಸ್ಥಾಪಕ ಓಡಿಬಂದ.

"ಸುಮ್ನಿರ್ರೀ!" ಎಂದು ಚಿಗುಸಾ ಕಿರುಚಿದ್ದಕ್ಕೆ ಅವನು ನಿಂತಲ್ಲೇ ನಿಂತ.

ಎಲ್ಲರೂ ಫೋಟೋ ತೆಗೆದಿದ್ದ ಆ ಕೊಂಬೆಯ ತುದಿಯನ್ನು ಟೀಚರಮ್ಮ ಕಚಕ್ಕನೆ ಕತ್ತರಿಸಿದಳು. ಅರ್ಧ ಹೂ ನೆಲದ ಪಾಲಾಯಿತು. ಆಗ ಕಂಡವು ನೋಡಿ, ಅದರ ಹಿಂದಿದ್ದ ಗಂಟುಗಳು. ಸಾಲು ಸಾಲಾಗಿ, ಒಂದೂ ಸಡಿಲವಾಗದೆ, ತೊರಾಜೋ ಹಾಕಿದಂತೆಯೇ ಇದ್ದವು.

"ಹೂ ಜಾಸ್ತಿಯಾಗಿತ್ತು," ಅಂದಳು ಟೀಚರಮ್ಮ. "ನಿಮ್ಮಪ್ಪ ಕಾಣ್ತಾನೇ ಇರ್ಲಿಲ್ಲ."

ಚಿಗುಸಾ ಹಣೆ ನೆಲಕ್ಕೆ ತಾಗುವಂತೆ ಬಾಗಿದಳು. ಬಾಗಿದವಳು ಏಳಲೇ ಇಲ್ಲ, ಭುಜಗಳು ಅಲುಗುತ್ತಿದ್ದವು. ನಾನೂ ಸಿಟ್ಟುಗಿಟ್ಟು ಮರೆತು ಗೊಳೋ ಎಂದು ಅತ್ತೆ.

ಟೀಚರಮ್ಮ ಮಂಡಿ ಹಿಡಿದುಕೊಂಡು ಎದ್ದಳು. "ಏಳೇ, ಸಾಕು ಅತ್ತಿದ್ದು. ಸುತ್ತಲೂ ಅಂದ್ಯಲ್ಲ, ಇನ್ನೂ ಆ ಕಡೆಯಿಂದ ನೋಡೋದಿದೆ."