ಅಪ್ಪನ ಫಸ್ಟ್ ಶಿಫ್ಟ್

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದರು. ಅವರು ರಿಟೈರಾದ ಕೆಲವೇ ವರ್ಷಕ್ಕೆ ಅದು ಮುಚ್ಚಿತು. ಶೆಡ್ಡು ಒಡೆದು ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿದರು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಹತ್ತಿರದ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ.

ಒಂದು ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಬೂಟು ಮೆಟ್ಟಿ ಅಡುಗೆಮನೆಗೆ ಬಂದರು.

"ಡಬ್ಬಿ ಆಯ್ತಾ? ಫಸ್ಟ್ ಶಿಫ್ಟ್ ಇದೆ. ಫ್ಯಾಕ್ಟರಿ ಬಸ್ ಬರೋ ಹೊತ್ತಾಯ್ತು."

ತಮಾಷೆ ಅಂದುಕೊಂಡೆ. ಮುಖ ನೋಡಿದ ಮೇಲೆ ಅಲ್ಲ ಅಂತ ಗೊತ್ತಾಯಿತು.

"ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತಲ್ಲಪ್ಪ."

"ಮುಚ್ಚಿದ್ರೆ ನಮಗೆ ಹೇಳ್ತಿರಲಿಲ್ವಾ? ಯಾರೂ ಹೇಳಿಲ್ಲ. ಅಂದ್ಮೇಲೆ ನಡೀತಿದೆ."

ಬಸ್ಸು ಬರಲಿಲ್ಲ. ಪಂಕ್ಚರ್ ಆಗಿರಬೇಕು ಎಂದರು. ಮರುದಿನವೂ ಬರಲಿಲ್ಲ. ಮೆಟ್ರೋ ಬಂದ ಮೇಲೆ ರೂಟು ಬದಲಾಗಿರಬೇಕು ಎಂದರು. ನಿಮ್ಮ ತಲೆ ಪೂರ್ತಿ ಬೆಳ್ಳಗಾಗಿದೆ, ನೋಡಿಕೊಳ್ಳಿ ಎಂದೆ. ಅವರಪ್ಪನಿಗೂ ಬೇಗ ನರೆತಿತ್ತಂತೆ. ಒಂದು ಮಾತೂ ಹುಚ್ಚು ಮಾತಲ್ಲ. ಕಾರ್ಖಾನೆ ನಡೆಯುತ್ತಿದೆ ಅನ್ನುವುದೊಂದನ್ನು ಒಪ್ಪಿಕೊಂಡುಬಿಟ್ಟರೆ ಉಳಿದದ್ದೆಲ್ಲ ನೇರವಾಗಿ ಕೂರುತ್ತಿತ್ತು.

ಅಪ್ಪನನ್ನು ಡಾಕ್ಟರಿಗೆ ತೋರಿಸಿದೆ. "ವಾದ ಮಾಡ್ಬೇಡಿ ಮೇಡಂ, ಪ್ರಯೋಜನ ಇಲ್ಲ," ಎಂದರು ಡಾಕ್ಟರು.

ಆ ಮಾತಿನಂತೆ ಬಿಟ್ಟುಬಿಡಲು ನನ್ನಿಂದಾಗಲಿಲ್ಲ. 'ಹೀಗಿದೆ ಎಂದುಕೊಳ್ಳೋಣ' ಅಂತ ಬೋರ್ಡಿನ ಮೇಲೆ ಬರೆದು ಪಾಠ ಶುರು ಮಾಡುವವಳು ನಾನು. ಅಂದುಕೊಂಡದ್ದು ತಪ್ಪಾಗಿದ್ದರೆ ಮುಂದೆ ಎಲ್ಲೋ ಒಂದು ಕಡೆ ಒಂದಕ್ಕೊಂದು ಹೊಂದದೆ ಸಿಕ್ಕಿಬೀಳುತ್ತದೆ, ಆಗ ಹಿಂದಕ್ಕೆ ಬಂದು ಮೊದಲ ಸಾಲನ್ನೇ ಹೊಡೆದುಹಾಕಬೇಕು ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಅಪ್ಪ ಆ ಜಾಗವನ್ನು ಕಣ್ಣಾರೆ ನೋಡಿದರೆ ಸಾಕು ಅನಿಸಿತು.

ಭಾನುವಾರ ಆಟೋದಲ್ಲಿ ಕರೆದುಕೊಂಡು ಹೋದೆ. ಗೇಟಿನ ಮುಂದೆ ಇಳಿದು ಅಪ್ಪ ತಲೆಯೆತ್ತಿ ನೋಡಿದರು. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು. ಸೆಕ್ಯುರಿಟಿಯವನು ಬಂದು, "ಯಾವ ಫ್ಲ್ಯಾಟ್ ಸಾರ್?" ಎಂದು ಕೇಳಿದ.

"ಇಲ್ಲೇ ಅಲ್ವಾ ಅಪ್ಪ, ನೀವು ಕೆಲಸ ಮಾಡ್ತಿದ್ದಿದ್ದು?"

ಅಪ್ಪ ಬೀದಿಯ ಆ ಕೊನೆಯಿಂದ ಈ ಕೊನೆಗೆ ನೋಡಿದರು, ಪಕ್ಕದಲ್ಲಿ ಲೋಹಕ್ಕೆ ಬಣ್ಣ ಹಾಕುವ ಪೌಡರ್ ಕೋಟಿಂಗ್ ಶೆಡ್ಡು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅರ್ಥವಾಯಿತು ಅಂದುಕೊಂಡೆ.

"ಇದು ಮನೆಗಳಮ್ಮ. ಫ್ಯಾಕ್ಟರಿ ಅಲ್ಲ," ಎಂದರು ಮೆತ್ತಗೆ. "ನಿನಗೆ ದಾರಿ ತಪ್ಪಿದೆ."

"ಇಲ್ಲಪ್ಪ, ಇದೇ ಜಾಗ."

"ಚಿಕ್ಕವಳಿದ್ದಾಗ ಎಷ್ಟು ಸಲ ಬಂದಿದೀಯ ಫ್ಯಾಕ್ಟರಿಗೆ. ಅದೂ ಮರೆತುಹೋಯ್ತಾ?" ನನ್ನ ಮಣಿಕಟ್ಟು ಹಿಡಿದುಕೊಂಡರು. "ಮೊನ್ನೆಯಿಂದ ನೋಡ್ತಾ ಇದೀನಿ. ಕಾರ್ಖಾನೆ ಇಲ್ಲ ಅಂತೀಯ, ಶಿಫ್ಟ್ ಇಲ್ಲ ಅಂತೀಯ. ನನಗೆ ಆಗಲೇ ತಿಳೀಬೇಕಿತ್ತು."

ನಾನು ಏನೇ ಹೇಳಿದರೂ ಅದು ಅವರ ಕಡೆಗೇ ಸಾಕ್ಷಿಯಾಗುತ್ತಿತ್ತು.

ವಾಪಸು ಬರುವಾಗ ಮೆಟ್ರೋ ಹತ್ತಿದೆವು. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡೇ ಕೂತರು. ಎದುರಿಗಿದ್ದ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು. ಅಪ್ಪ ಮುಂದಕ್ಕೆ ಬಾಗಿ, "ಮಗಳು. ಸ್ವಲ್ಪ ಮರೆವಿದೆ," ಎಂದರು. ಆಕೆ ನನ್ನತ್ತ ಕನಿಕರದಿಂದ ನೋಡಿ, "ಹುಷಾರಾಗ್ತಾರೆ ಬಿಡಿ ಅಂಕಲ್," ಎಂದಳು. ನಾನು ತಲೆಯಾಡಿಸಿದೆ. ಇನ್ನೇನು ಮಾಡಲಿ? ಅಳು ಬಂದಿತ್ತು, ಅತ್ತಿದ್ದರೆ ಅದಕ್ಕೂ ಅವರ ಹತ್ತಿರ ಕಾರಣ ಸಿದ್ಧವಿರುತ್ತಿತ್ತು.

ಸೋಮವಾರ ಎದ್ದು ನೋಡಿದರೆ ಅಪ್ಪ ಬೂಟು ಹಾಕಿರಲಿಲ್ಲ. ಲುಂಗಿಯಲ್ಲೇ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಮನೆಯ ಬೀಗದ ಕೀಲಿಕೈ ಅವರ ಕೈಯಲ್ಲಿತ್ತು.

"ಕೆಲಸಕ್ಕೆ ಹೋಗಲ್ವಾ ಅಪ್ಪ?" ಎಂದೆ. ಆ ಪ್ರಶ್ನೆ ನನ್ನ ಬಾಯಿಂದಲೇ ಹೇಗೆ ಬಂತೋ ತಿಳಿಯದು.

"ನಿನ್ನೊಬ್ಬಳನ್ನೇ ಬಿಟ್ಟು ಹೇಗೆ ಹೋಗ್ಲಿ? ರಜ ಹಾಕಿದೀನಿ. ನೀನು ಇಲ್ಲಿ ಕೂತ್ಕೋ, ಕಾಫಿ ಮಾಡ್ತೀನಿ."

ಒಳಗೆ ಹೋಗಿ ಸ್ಟವ್ ಹಚ್ಚಿದರು. ನಾನು ಕಾಲೇಜಿಗೆ ಫೋನ್ ಮಾಡಿ ಈವತ್ತು ಬರಲಾಗುವುದಿಲ್ಲ ಎಂದು ಹೇಳಿದೆ. ಆಮೇಲೆ ಅವರು ತೋರಿಸಿದ ಜಾಗದಲ್ಲಿ ಕೂತೆ.