ಹಗೇವಿನ ಬಾಯಿಗೆ ನಿಂತವರು

ಹೋದ ತಿಂಗಳು ನಮ್ಮ ಓಣಿಯ ತುದಿಯಲ್ಲಿ ಜೆಸಿಬಿ ನೆಲ ಅಗೆಯುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದೆ. ಬೆಳಗಿನಿಂದ ತಲೆ ತಿಂದ ಸಪ್ಪಳ ಒಮ್ಮೆಲೇ ನಿಂತಿತು. ಊಟಕ್ಕೆ ಬಿಟ್ಟಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಒಂದು ವಾಸನೆ ಬಂತು. ಬಹಳ ಕಾಲ ಮುಚ್ಚಿಟ್ಟ ಮಣ್ಣು, ಒಣಗಿದ ಕಬ್ಬಿನ ಗರಿಯ ರವದಿ, ಅದರಡಿಯಲ್ಲೆಲ್ಲೋ ಅರಿಸಿನ... ಸೊಪ್ಪು ಕೈಯಲ್ಲೇ ಉಳಿಯಿತು. ಆ ವಾಸನೆಗೆ ಮೊದಲು ನೆನಪಾಗಬೇಕಾದವರು ನಮ್ಮ ಮಾವನವರು. ನೆನಪಾದವರು ಮಾತ್ರ ತಕರಾರು ಸಾಹೇಬರು.

ಸಾಂಗಲಿಯ ಪಕ್ಕ ಹರಿಪುರದ ಹೊಳೆದಂಡೆಯಲ್ಲಿ ನಮ್ಮ ಮಾವನವರ ಹಗೇವುಗಳಿದ್ದವು. ನೆಲದೊಳಗಿನ ಕಣಜ, ಮರಾಠಿಯಲ್ಲಿ ಪೇವ ಅನ್ನುತ್ತಾರೆ. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಇಳಿದಂತೆ ಕೋಣೆಯಷ್ಟು ಅಗಲ. ಅಲ್ಲಿಯ ಮಣ್ಣು ಅಂಥದ್ದು, ಗೋಡೆ ಕಟ್ಟದೆಯೂ ಕುಸಿಯುವುದಿಲ್ಲ, ನೀರು ಒಸರುವುದಿಲ್ಲ. ವ್ಯಾಪಾರಿಗಳು ಅರಿಸಿನ ತಂದು ತುಂಬಿಸಿ, ಮೇಲೆ ರವದಿ ಹೊದಿಸಿ, ಮಣ್ಣು ಮುಚ್ಚಿಸಿ ಹೋಗುತ್ತಿದ್ದರು. ಒಳ್ಳೆಯ ಧಾರಣೆ ಬರುವವರೆಗೆ ವರ್ಷಗಟ್ಟಲೆ ಅದು ಅಲ್ಲೇ ಇರುತ್ತಿತ್ತು. ಹುಳ ಬೀಳುತ್ತಿರಲಿಲ್ಲ, ಬಣ್ಣ ಏರುತ್ತಿತ್ತು. ಕಾಯುವುದು ನಮ್ಮ ಮನೆತನದ ಕೆಲಸ. ಲಿಂಗನೂರಿನಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಇದು ದಂಧೆ ಅಂತಲೇ ಅನ್ನಿಸಿರಲಿಲ್ಲ. ಬರಿಯ ಬಯಲು, ಅಲ್ಲಲ್ಲಿ ಒಂದು ಗುರುತಿನ ಕಲ್ಲು, ಅದರ ನಡುವೆ ತಲೆಗೆ ಪಟಗಾ ಸುತ್ತಿಕೊಂಡು ಓಡಾಡುವ ಮಾವನವರು. ಇವರು ಏನು ಕಾಯುತ್ತಾರೆ ಅಂತ ನಗು ಬರುತ್ತಿತ್ತು.

ಅವರ ಕಟ್ಟಳೆ ಎರಡು. ಒಳಗಿರುವ ಮಾಲು ಯಾರದ್ದೆಂದು ಮೂರನೆಯವರಿಗೆ ಹೇಳುವಂತಿಲ್ಲ. ಮಾಲಕರು ತಾವೇ ಬಂದು ಬಾಯಿಗೆ ನಿಂತು, ತಮ್ಮ ಕೈಯಿಂದ ಮೊದಲ ಹಿಡಿ ಮಣ್ಣು ತೆಗೆಯದೆ ಹಗೇವು ತೆರೆಯುವಂತಿಲ್ಲ. ಮಗ ಬಂದರೂ ಇಲ್ಲ, ಗುಮಾಸ್ತ ಬಂದರೂ ಇಲ್ಲ. ಬೀಗವಿಲ್ಲ, ಕಾಗದವಿಲ್ಲ, ಇದ್ದದ್ದು ಇಷ್ಟೇ.

ಊರು ಬೆಳೆಯುತ್ತಿದ್ದ ಕಾಲ ಅದು. ದೆಹಲಿಯಲ್ಲಿ ಏನೇನೋ ಬಾಗಿಲು ತೆರೆದರಂತೆ, ಸಾಂಗಲಿಗೆ ಹೊಸ ಹೊಸ ಕಾರು ಬಂದವು, ಶೀತಗೃಹಗಳು ಬಂದವು. ಹೊಲಗಳಲ್ಲಿ ಸುಣ್ಣದ ಗೆರೆ ಎಳೆದು ಪ್ಲಾಟು ಮಾರುವವರು ಬಂದರು. ನಮ್ಮ ಬಯಲಿನ ಆಚೆ ಬದಿಯಲ್ಲೂ ಪ್ಲಾಟು ಬಿದ್ದವು. ಅದೇ ಬೇಸಿಗೆ ಯಾರೋ ಬಿಟ್ಟುಹೋದ ಹಳೆಯ ಹಗೇವೊಂದರಲ್ಲಿ ಎಮ್ಮೆಯ ಕರು ಬಿತ್ತು. ಪ್ಲಾಟಿನ ಮಾಲಕನಿಗೆ ಅಷ್ಟೇ ಸಾಕಾಯಿತು. ಈ ಬಯಲಿನ ಗುಂಡಿಗಳೆಲ್ಲ ಖಾಲಿ, ಹಾಳುಬಿದ್ದಿವೆ, ನಾಳೆ ಮಕ್ಕಳು ಬೀಳುತ್ತಾರೆ ಅಂತ ಅರ್ಜಿ ಕೊಟ್ಟ. ಮಳೆಗಾಲಕ್ಕೆ ಮೊದಲು ಎಲ್ಲವನ್ನೂ ಮಣ್ಣು ತುಂಬಿ ಮುಚ್ಚಬೇಕೆಂದು ನಮಗೆ ನೋಟಿಸು ಬಂತು. ಮುಚ್ಚಿದರೆ ನಮಗೆ ಬೇರೆ ಅನ್ನದ ದಾರಿ ಇರಲಿಲ್ಲ. ನಮ್ಮವರು ಆಗಿನ್ನೂ ಮಾರ್ಕೆಟ್ ಯಾರ್ಡಿನಲ್ಲಿ ತೂಕ ಹಾಕುವುದನ್ನು ಕಲಿಯುತ್ತಿದ್ದರು, ನನ್ನ ಹೊಟ್ಟೆಯಲ್ಲಿ ದೊಡ್ಡ ಮಗಳಿದ್ದಳು.

ಸಣ್ಣ ಅಂಗಡಿ, ಮನೆತನದ ದಂಧೆಗಳ ಅಹವಾಲು ಕೇಳಲೆಂದೇ ಸರ್ಕಾರ ಒಬ್ಬ ಅಧಿಕಾರಿಯನ್ನು ಕೂರಿಸಿದೆ ಅಂತ ಯಾರೋ ಹೇಳಿದರು. ಊರವರೆಲ್ಲ ಅವರನ್ನು ತಕರಾರು ಸಾಹೇಬರು ಅನ್ನುತ್ತಿದ್ದರು. ಕಚೇರಿ ಮರಾಠಿಯನ್ನು ಮಾತಾಡಲು ಮಾವನವರಿಗೆ ಬೇಸರ, ಹಾಗಾಗಿ ಅವರ ಜೊತೆ ನಾನೂ ಹೋದೆ. ಹೆಂಚಿನ ಮಾಡಿನ ಒಂದು ಕೋಣೆ, ಹೊರಗೆ ಬೆಂಚು. ನಮಗಿಂತ ಮುಂದೆ ಮಿರಜದ ಒಬ್ಬ ಸಿತಾರು ಮಾಡುವವರು ತೊಡೆಯ ಮೇಲೆ ದೊಡ್ಡ ಒಣ ಸೋರೆಬುರುಡೆ ಇಟ್ಟುಕೊಂಡು ಕುಳಿತಿದ್ದರು. ಯಾವುದೋ ನಾಕಾದಲ್ಲಿ ಅದನ್ನು ತರಕಾರಿಯ ಲೆಕ್ಕಕ್ಕೆ ಹಿಡಿದು ಜಕಾತಿ ಕೇಳಿದ್ದರಂತೆ. ಒಳಗಿನಿಂದ ಸಾಹೇಬರ ನಗು ಕೇಳಿಸಿತು. ಆ ನಗು ಕೇಳಿ ನನಗೆ ಅರ್ಧ ಧೈರ್ಯ ಬಂತು.

ಸಾಹೇಬರು ತೆಳ್ಳಗಿದ್ದರು, ಇಸ್ತ್ರಿ ಇಲ್ಲದ ಅಂಗಿ, ಕಿಸೆಯಲ್ಲಿ ದೊಡ್ಡ ಕರವಸ್ತ್ರ. ತಾಯಿಯ ತವರು ಕನ್ನಡ ಮಾತಾಡುವ ಆರಗ ಊರಂತೆ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡುವಾಗ ಮಾತ್ರ ಅರ್ಧ ದಾರಿಗೆ ಮರಾಠಿಗೆ ಜಾರುತ್ತಿದ್ದರು. ಹುಕುಮು ಕೊಡುವ ಅಧಿಕಾರ ಅವರಿಗಿರಲಿಲ್ಲ. ಎರಡೂ ಕಡೆಯವರನ್ನು ಕೇಳಿ, ಕಣ್ಣಾರೆ ನೋಡಿ, ಮೇಲಿನವರಿಗೆ ತಮ್ಮ ಅಭಿಪ್ರಾಯ ಕೊಡುವುದಷ್ಟೇ. "ನಾ ಬಂದ ನೋಡ್ತೇನಿ" ಅಂದರು. ಬಂದರು ಕೂಡ, ಪ್ಲಾಟಿನ ಮಾಲಕನನ್ನೂ ಕರೆದುಕೊಂಡು.

ಬಯಲಿಗೆ ಕಾಲಿಟ್ಟವರೇ ಸೀನತೊಡಗಿದರು. ಅರಿಸಿನದ ಧೂಳು ಅವರಿಗೆ ಆಗುತ್ತಿರಲಿಲ್ಲ. ಸೀನಿ ಸೀನಿ ಕಣ್ಣೊರೆಸಿಕೊಂಡು, ಒಂದು ಹಗೇವು ತೆರೆದು ತೋರಿಸಿ ಅಂದರು. ಮಾವನವರು ಅಲ್ಲಾಡಲಿಲ್ಲ.

"ಮಾಲಕರು ಬಾಯಿಗೆ ನಿಂದ್ರಬೇಕ್ರಿ ಸಾಹೇಬರ. ಅವರಿಲ್ದ ನಾ ಮಣ್ಣ ಮುಟ್ಟೂದಿಲ್ಲ."

"ಮಾಲಕರು ಯಾರ?"

"ಅದನ್ನ ಹೇಳೂ ಹಂಗಿಲ್ರಿ."

"ಹಂಗಾರ ಒಳಗ ಮಾಲ ಐತಿ ಅಂತ ನಾ ಹೆಂಗ ನಂಬ್ಲಿ?"

ಪ್ಲಾಟಿನ ಮಾಲಕ ನಕ್ಕ. ನಾನು ಸೆರಗಿನ ತುದಿ ಹಿಂಡುತ್ತ ನಿಂತಿದ್ದೆ. ನನಗೆ ಬಂದ ಸಿಟ್ಟು ಆ ಮನುಷ್ಯನ ಮೇಲಲ್ಲ, ಮಾವನವರ ಮೇಲೆ. ಹಗೇವು ತುಂಬಿದೆ, ತೆರೆದರೆ ಮನೆ ಉಳಿಯುತ್ತದೆ, ಇವರು ಕಟ್ಟಳೆ ಹಿಡಿದುಕೊಂಡು ಕಲ್ಲಿನ ಹಾಗೆ ನಿಂತಿದ್ದಾರೆ. ತಮ್ಮ ಕೈಯಾರೆ ತಮ್ಮನ್ನು ಸುಳ್ಳುಗಾರ ಮಾಡಿಕೊಳ್ಳುವುದು ಅಂದರೆ ಇದೇ. ಸಾಹೇಬರು ಕರವಸ್ತ್ರ ಮಡಚಿ ಕಿಸೆಗಿಟ್ಟರು. ಮಳೆಗೆ ಮೊದಲು ಅಭಿಪ್ರಾಯ ಕೊಡಬೇಕು ಅಂತ ಹೇಳಿ ಹೋದರು.

ತುಂಬಿದ ಹಗೇವುಗಳಲ್ಲಿ ಒಂದರ ಮಾಲಕರು ಮಿರಜ ಕಡೆಯ ಒಬ್ಬ ಜೈನ ವ್ಯಾಪಾರಿ. ನಾವು ಕಾಕಾ ಅನ್ನುತ್ತಿದ್ದೆವು. ಬೇರೆ ಮಾಲಕರೆಲ್ಲ ದೂರದವರು, ಹತ್ತಿರದವರು ಇವರೊಬ್ಬರೇ. ಅವರೋ ಕಣ್ಣಿನ ಆಪರೇಷನ್ ಆಗಿ ಮಿರಜದ ಆಸ್ಪತ್ರೆಯಲ್ಲಿ ಮಲಗಿದ್ದರು. ಮರುದಿನ ನಾನು ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಂಡು ಹೊರಟೆ. ಮಾವನವರು ಎಲ್ಲಿಗೆ ಅಂತ ಕೇಳಲಿಲ್ಲ. ಮಿರಜದ ಬಸ್ಸು ಎಷ್ಟು ಹೊತ್ತಿಗಿದೆ ಅನ್ನುವುದನ್ನು ಮಾತ್ರ ಗೋಡೆಗೆ ಹೇಳುವಂತೆ ಹೇಳಿದರು.

ಕಾಕಾ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕುಳಿತಿದ್ದರು. ಎಲ್ಲ ಹೇಳಿದೆ. ನೀವು ಒಂದು ಮಾತು ಹೇಳಿ ಕಳಿಸಿದರೆ ಸಾಕು ಅಂದೆ.

"ಮಾತಿಗೆ ನಿಮ್ಮ ಮಾವ ತೆಗೀತಾನೇನ? ತೆಗದ್ರ ನನ್ನ ಮಾಲ ಅಲ್ಲಿ ಯಾಕ ಇಡ್ತಿದ್ದೆ?" ಅಂದರು. "ಡಾಕ್ಟರ್ ಬಿಟ್ಟ ದಿವ್ಸ ಸೀದಾ ಅಲ್ಲಿಗೇ ಬರ್ತೇನಿ."

"ಕಣ್ಣ ಕಾಣೂದಿಲ್ಲಲ್ರಿ ಕಾಕಾ."

"ಅರಿಶಿಣಕ್ಕ ಕಣ್ಣ ಯಾಕವಾ, ಮೂಗ ಐತಿ."

ಆ ಮಾತು ಕೇಳಿದ ಮೇಲೆ ಮಾವನವರ ಮೇಲಿನ ಸಿಟ್ಟು ಎಲ್ಲಿ ಹೋಯಿತೋ. ಜನ ತಮ್ಮ ವರ್ಷದ ದುಡಿಮೆಯನ್ನು ನಮ್ಮ ಬಯಲಿನಲ್ಲಿ ಹೂತು ನಿಶ್ಚಿಂತೆಯಿಂದ ಹೋಗುವುದು ಯಾಕೆ ಅನ್ನುವುದು ಆಸ್ಪತ್ರೆಯ ಆ ಮಂಚದ ಪಕ್ಕ ನನಗೆ ಹೊಳೆಯಿತು.

ಬರುವಾಗ ಸಾಂಗಲಿಯಲ್ಲಿ ಇಳಿದು ಕಚೇರಿಗೆ ಹೋದೆ. ಈ ಸಲ ಸಾಹೇಬರ ಎದುರಿಗೆ ನಾನೊಬ್ಬಳೇ. ಹೆಸರು ಹೇಳುವಂತಿಲ್ಲ, ಮಾಲಕರು ಆಸ್ಪತ್ರೆಯಲ್ಲಿದ್ದಾರೆ, ಬಿಟ್ಟ ಕೂಡಲೇ ಬರುತ್ತಾರೆ, ಅಲ್ಲಿಯವರೆಗೆ ತಡೆಯಿರಿ ಅಂತ ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದೆ. ಪ್ಲಾಟಿನ ಮಾಲಕ ಅಷ್ಟರಲ್ಲಿ ಎರಡು ಸಲ ಬಂದು ಅವಸರ ಮಾಡಿ ಹೋಗಿದ್ದ. ಅದನ್ನೂ ಸಾಹೇಬರೇ ಹೇಳಿದರು. ಆಮೇಲೆ ಕನ್ನಡಕ್ಕೆ ಬಂದರು.

"ಸೂನಬಾಯಿ, ನಿಮ್ಮ ಅರಿಶಿಣ ವರ್ಷಗಟ್ಲೆ ಕತ್ಲ್ಯಾಗ ಕುಂದರ್ತೈತಿ. ನಾ ಎಂಟ ದಿವಸ ಕುರ್ಚಿ ಮ್ಯಾಲ ಕುಂದ್ರಾಕ ಆಗೂದಿಲ್ಲೇನ? ಹೋಗ್ರಿ, ಕಾಯ್ತೇನಿ."

ಮರಾಠಿಯಲ್ಲಿ ಸೊಸೆಯನ್ನು ಹಾಗೆ ಕರೆಯುತ್ತಾರೆ. ನಮ್ಮ ಮನೆಯ ಹೊರಗೆ ನನ್ನನ್ನು ಹಾಗೆ ಕರೆದವರು ಅವರೊಬ್ಬರೇ.

ಕಾಕಾ ಬಂದ ದಿನ ಆಕಾಶದಲ್ಲಿ ಮೋಡ ಕೂಡಿಬಂದಿತ್ತು. ಮಳೆ ಹನಿದರೆ ಹಗೇವು ತೆರೆಯುವಂತಿಲ್ಲ, ಒಳಗಿನ ಮಾಲೆಲ್ಲ ಕೆಡುತ್ತದೆ. ಕಾಕಾ ಹಸಿರು ಕನ್ನಡಕ ಹಾಕಿಕೊಂಡು ರಿಕ್ಷಾದಿಂದ ಇಳಿದರು. ಮಾವನವರು ಅವರ ಕೈಹಿಡಿದು ಗುರುತಿನ ಕಲ್ಲಿನವರೆಗೆ ಕರೆತಂದರು. ಕಾಕಾ ಬಗ್ಗಿ, ತಡಕಾಡಿ, ಒಂದು ಹಿಡಿ ಮಣ್ಣು ತೆಗೆದು ಪಕ್ಕಕ್ಕೆ ಹಾಕಿದರು. ಆಮೇಲೆ ಹಮಾಲರು ಸಲಿಕೆ ಹಿಡಿದರು. ಮಣ್ಣು ಸರಿಸಿ ರವದಿ ಎತ್ತುತ್ತಲೇ ಆ ವಾಸನೆ ಎದ್ದು ಬಂತು. ಸಾಹೇಬರ ಸೀನು ಶುರುವಾಯಿತು.

ಮಾವನವರು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರು. ಅರ್ಧಕ್ಕೇ ಆರಿತು. ಒಳಗೆ ಕೆಟ್ಟ ಗಾಳಿ ಇದೆ, ಇಳಿದವನು ಬದುಕುವುದಿಲ್ಲ ಅಂತ ಅದರ ಅರ್ಥ. ಪ್ಲಾಟಿನ ಮಾಲಕ ಗೊಣಗಿದ. ಒಬ್ಬನು ಉಸಿರು ಹಿಡಿದು ಇಳಿದು ಒಂದು ಹಿಡಿ ತಂದರೆ ಮುಗಿಯಿತಲ್ಲ, ಇವರದ್ದು ನಾಟಕ ಅಂದ. ಸಾಹೇಬರು ಅವನ ಕಡೆ ನೋಡಲೂ ಇಲ್ಲ. "ಯಾರೂ ಇಳಿಯೂ ಹಂಗಿಲ್ಲ" ಅಂದು ಬೇವಿನ ಮರದ ಕೆಳಗೆ ಖಾಲಿ ಚೀಲ ಹಾಸಿಕೊಂಡು ಕುಳಿತರು. ನಾನು ರೊಟ್ಟಿ, ಜುಣಕ ತಂದುಕೊಟ್ಟೆ. ಒಂದು ತುತ್ತು, ಒಂದು ಸೀನು, ಹಾಗೆ ಊಟ ಮುಗಿಸಿದರು. ಮೋಡ ಇನ್ನಷ್ಟು ದಟ್ಟವಾಯಿತು. ನಾನು ಒಮ್ಮೆ ಆಕಾಶ, ಒಮ್ಮೆ ಆ ಕರಿ ಬಾಯಿ ನೋಡುತ್ತ ನಮ್ಮ ಮನೆದೇವರಿಗೆಲ್ಲ ಹರಕೆ ಹೊತ್ತೆ. ಎಷ್ಟು ಸಲ ಕಂದೀಲು ಇಳಿಸಿದರೋ... ಇಳಿಸುವುದು, ಆರುವುದು.

ಹೊತ್ತು ಇಳಿಯುವ ಹೊತ್ತಿಗೆ ಕಂದೀಲು ಆರಲಿಲ್ಲ. ತಳದಲ್ಲಿ ಕೆಂಪಗೆ ಉರಿಯುತ್ತ ನಿಂತಿತು. ಹಮಾಲ ಇಳಿದ. ಮೊದಲ ಬುಟ್ಟಿ ಮೇಲೆ ಬಂತು, ತುಂಬ ಅರಿಸಿನದ ಕೊಂಬು. ಸಾಹೇಬರು ಒಂದನ್ನು ಮುರಿದರು, ಒಳಗೆ ಕೇಸರಿ ಬಣ್ಣ. ಕಾಕಾ ಮೂಸಿ ನೋಡಿ, "ನಂದಽ" ಅಂದರು.

ಪ್ಲಾಟಿನ ಮಾಲಕನ ಕಡೆ ತಿರುಗಿ ಸಾಹೇಬರು ಮರಾಠಿಯಲ್ಲಿ ಹೇಳಿದ್ದನ್ನೇ ಮತ್ತೆ ಮಾವನವರಿಗೆ ಕನ್ನಡದಲ್ಲಿ ಹೇಳಿದರು. "ಇದು ಗುಂಡಿ ಅಲ್ರಿ, ದುಕಾನ ಐತಿ. ಬಾಗಲಾ ನೆಲದಾಗ ಐತಿ, ಅಷ್ಟ."

ಮಾವನವರು ಪಟಗಾ ಬಿಚ್ಚಿ ಮುಖ ಒರೆಸಿಕೊಂಡರು. ಬೆವರು ಅಂದರು, ನಾವೆಲ್ಲ ಹೌದು ಅಂದೆವು. ನಾನು ಒಳಗೆ ಹೋಗಿ ಒಲೆಯ ಮುಂದೆ ಕುಳಿತು ಹೊಟ್ಟೆ ತುಂಬ ಅತ್ತೆ. ಅಷ್ಟು ಹಗುರಾದ ಅಳು ಆಮೇಲೆ ನನಗೆ ಬಂದಿಲ್ಲ.

ಸಾಹೇಬರ ಅಭಿಪ್ರಾಯವನ್ನು ಮೇಲಿನವರು ಒಪ್ಪಿದರು, ಹಗೇವು ಉಳಿದವು. ಆದರೆ ಸಾಹೇಬರು ಕರುವನ್ನು ಮರೆತಿರಲಿಲ್ಲ. ಪ್ರತಿಯೊಂದರ ಬಾಯಿಗೂ ಕಲ್ಲಿನ ಕಟ್ಟೆ ಕಟ್ಟಿ ಮುಚ್ಚಳ ಹಾಕಬೇಕು, ಬಿಟ್ಟುಹೋದ ಹಗೇವುಗಳಿಗೆ ಮಣ್ಣು ತುಂಬಿಸಬೇಕು ಅಂತಲೂ ಅಭಿಪ್ರಾಯ ಕೊಟ್ಟರು. ಕಟ್ಟೆ ಕಟ್ಟಿಸುವಾಗ ಮಾವನವರು ಸಾಹೇಬರನ್ನು ಬೈಯದ ದಿನವಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಹೋಗುವಾಗ ಮಾತ್ರ ಒಗೆದ ಪಟಗಾ ಸುತ್ತಿಕೊಂಡು ನಮಗಿಂತ ಮುಂದೆ ಬಸ್ ನಿಲ್ದಾಣದಲ್ಲಿರುತ್ತಿದ್ದರು.

ಸಾಹೇಬರಿಗೆ ವರ್ಗವಾಯಿತು. ನನ್ನ ಮಕ್ಕಳು ಆ ಕಟ್ಟೆಗಳ ಮೇಲೆ ಕುಳಿತೇ ಓದಿದರು. ಮಾವನವರು ತೀರಿಕೊಂಡ ಮೇಲೆ ನಮ್ಮವರು ಕೆಲಸ ಹಿಡಿದರು. ಒಂದು ವರ್ಷ ಹೊಳೆ ಬಯಲಿಗೇ ನುಗ್ಗಿತು, ನೋಟಿಸಿನಿಂದ ಆಗದ್ದನ್ನು ನೀರು ಮಾಡಿತು. ಇದ್ದ ಮಾಲಕರು ಶೀತಗೃಹಕ್ಕೆ ಹೋದರು. ನಾವು ಬಯಲನ್ನು ಮಾರಿದೆವು, ಅದೂ ಪ್ಲಾಟಾಯಿತು. ದುಃಖವಾಗಲಿಲ್ಲ ಅಂದರೆ ಸುಳ್ಳಾದೀತು. ಆದರೆ ಸುಳ್ಳುಗಾರರು ಅನ್ನಿಸಿಕೊಂಡು ಮುಚ್ಚಲಿಲ್ಲ, ಆ ಸಮಾಧಾನ ದೊಡ್ಡದು. ಸಾಹೇಬರು ತೀರಿಕೊಂಡ ಸುದ್ದಿ ಅವರ ಕಚೇರಿಯ ಹಳೆಯ ಸಿಪಾಯಿ ಸಂತೆಯಲ್ಲಿ ಸಿಕ್ಕಾಗ ಹೇಳಿದ. ಅವರು ಹೋಗಿ ಆಗಲೇ ಒಂದು ಮಳೆಗಾಲ ಕಳೆದಿತ್ತು...

ಸೊಪ್ಪು ಬಿಟ್ಟು ಎದ್ದೆ. ಅಟ್ಟದ ಮೇಲಿನ ಕಂದೀಲು ಇಳಿಸಿಕೊಂಡು ಓಣಿಯ ತುದಿಗೆ ಹೋದೆ. ಜೆಸಿಬಿಯ ಹಲ್ಲಿಗೆ ಆ ಬಯಲಿನ ಹೂಳಿನಡಿ ಮುಚ್ಚಿಹೋಗಿದ್ದ ನಮ್ಮದೇ ಹಳೆಯ ಹಗೇವೊಂದು ಸಿಕ್ಕಿತ್ತು. ಎಂಜಿನಿಯರ್ ಹುಡುಗ ಒಬ್ಬ ಕೂಲಿಯವನ ಸೊಂಟಕ್ಕೆ ಹಗ್ಗ ಕಟ್ಟಿಸುತ್ತಿದ್ದ. ತಡೆಯಿರಿ ಅಂದೆ. ಕಂದೀಲು ಇಳಿಸಿದೆವು, ಆರಿತು. ಹುಡುಗ ಮೊಬೈಲು ನೋಡಿಕೊಂಡ, ಎಷ್ಟು ಹೊತ್ತು ಕಾಯಬೇಕು ಆಂಟಿ ಅಂದ. ಅದು ಆರದೆ ಇರುವವರೆಗೆ ಅಂದೆ. ಬಾಯಿಯ ಪಕ್ಕದಲ್ಲೇ ನಿಂತೆ. ಈಗ ಆ ಹಗೇವಿಗೆ ನಿಲ್ಲುವವರು ಬೇರೆ ಯಾರಿದ್ದಾರೆ?

ಸಂಜೆಗೆ ಕಂದೀಲು ಉರಿಯಿತು. ನಾನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಪಕ್ಕಕ್ಕೆ ಹಾಕಿ, ಈಗ ಇಳಿ ಅಂದೆ. ಕೂಲಿಯವನು ಇಳಿದ, ಸುಖವಾಗಿ ಮೇಲೆ ಬಂದ. ಒಳಗೆ ಏನೂ ಇರಲಿಲ್ಲ, ಅವನ ಅಂಗಾಲಷ್ಟೇ ಹಳದಿಯಾಗಿತ್ತು. ಎದೆಯ ಮೇಲಿನ ಭಾರ ಇಳಿಯಿತು.

ಆಗ ನನ್ನ ಬೆನ್ನ ಹಿಂದೆ ಯಾರೋ ಸೀನಿದರು. ಎಂಜಿನಿಯರ್ ಹುಡುಗನೇ ಅಂತ ನನಗೆ ಗೊತ್ತಿತ್ತು. ಆದರೂ ತಿರುಗಿ ನೋಡಿದೆ.